ಅಕ್ಕಿ ಖೋಲಿಯ ಆಂಪ್ಲಿಫೈಯರ್

ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಜಾರಿಲ್ಲ. ಗಂಗಾವತಿಯ ನಮ್ಮ ಓಣಿಯಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ತೆಗೆದು ಉಳಿದದ್ದನ್ನು ನಂಬುವ ಪದ್ಧತಿ ಮೊದಲಿನಿಂದ ಇದೆ. ಅದಕ್ಕೇ ನಾನು ಯಾವಾಗಲೂ ಎರಡು ಪಟ್ಟು ಹೇಳುತ್ತೇನೆ, ಸರಿಹೋಗುತ್ತದೆ. ಆದರೆ ಇವತ್ತು ಹೇಳುವುದರಲ್ಲಿ ಒಂದು ಕಾಳೂ ಹೆಚ್ಚಿಲ್ಲ. ನಮ್ಮ ಮನೆಯಲ್ಲಿ ಒಂದೇ ಹಾಡು ನಾಲ್ಕು ಖೋಲಿಗಳಲ್ಲಿ ವಾಸವಾಗಿತ್ತು. ಅಪ್ಪನ ಖೋಲಿಯಲ್ಲಿ ಹುಟ್ಟುತ್ತಿತ್ತು, ಅಕ್ಕಿ ಖೋಲಿಯಲ್ಲಿ ಮೈ ತುಂಬಿಕೊಳ್ಳುತ್ತಿತ್ತು, ಪಡಸಾಲೆಯಲ್ಲಿ ಬಾಯಿ ಬಿಡುತ್ತಿತ್ತು, ಅಜ್ಜಿಯ ಮಂಚದ ಕೆಳಗೆ ಗುಡುಗುತ್ತಿತ್ತು.

ಹಾಡಿನ ಸಾಮಾನು ನಮ್ಮದಲ್ಲ, ಮಾಮಾನದು. ಮಾಮಾ ಅಂದರೆ ಅವ್ವನ ತಮ್ಮ, ಕುಷ್ಟಗಿಯಲ್ಲಿ ನೌಕರಿ. ಬೇರೆಯವರು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಸಹಜವಾಗಿ ಅವನು ಸ್ಪೀಕರ್ ತರುತ್ತಿದ್ದ. ಮದುವೆಯಾಗಿ ಬಂದ ಅತ್ತಿ ಮಲಗುವ ಖೋಲಿಗೆ ಕಾಲಿಟ್ಟಾಗ ಅಲ್ಲಿ ಒಂದರ ಮೇಲೊಂದು ಕರಿ ಡಬ್ಬಿಗಳು, ದೀಪ ಆರಿಸಿದರೂ ಪಿಳಿಪಿಳಿ ಬಿಡುವ ನೀಲಿ ಕಣ್ಣುಗಳು. "ಯಾರೋ ಕುಂತು ನೋಡಾಕತ್ತಂಗ ಆಕ್ಕೈತ್ರಿ, ನನಗ ನಿದ್ದಿ ಹತ್ತವಲ್ದು," ಎಂದಳಂತೆ. ಮಾಮಾ ಹೊಸ ಗಂಡ. ಎಲ್ಲವನ್ನೂ ಹಳೆಯ ಕೌದಿಯಲ್ಲಿ ಸುತ್ತಿ ಅಕ್ಕನ ಮನೆಗೆ ಕಳಿಸಿಬಿಟ್ಟ.

ಟೆಂಪೋ ನಮ್ಮ ಬಾಗಿಲಲ್ಲಿ ನಿಂತಾಗ ನಾನು ಕುಣಿದ ಕುಣಿತಕ್ಕೆ ಓಣಿಯ ಕೋಳಿಗಳು ಒಂದು ವಾರ ಮೊಟ್ಟೆ ಇಡಲಿಲ್ಲ. ಅಪ್ಪ ಮಾತ್ರ ಕುಣಿಯಲಿಲ್ಲ. ಅವನು ಕಾಲುವೆ ಇಲಾಖೆಯಲ್ಲಿ ಕೆಲಸ ಮಾಡುತ್ತಾನೆ. ನೀರು ಬಂದರೂ ಬೈಸಿಕೊಳ್ಳಬೇಕು, ಬರದಿದ್ದರೂ ಬೈಸಿಕೊಳ್ಳಬೇಕು. ದಿನವಿಡೀ ಕಿವಿಯಲ್ಲಿ ಜನರ ಗದ್ದಲ ತುಂಬಿಕೊಂಡು ಬರುವವನಿಗೆ ಮನೆಯೊಳಗೆ ಚಮಚ ಬಿದ್ದರೂ ಸಿಟ್ಟು.

"ನೋಡವಾ," ಎಂದ, ಡಬ್ಬಿಗಳ ಸುತ್ತ ಒಂದು ಸುತ್ತು ಹಾಕಿ. "ಪಡಸಾಲ್ಯಾಗ ಇದರದೊಂದ ಡಬ್ಬಿ ಕಣ್ಣಿಗೆ ಬೀಳಬಾರದು. ಮನ್ಯಾಗ ಯಾರ ಬಾಯಾಗೂ ತಕರಾರು ಬರಬಾರದು. ಬಂತಂದ್ರ, ಅವತ್ತ ಇದು ಕುಷ್ಟಗಿಗೆ ಹೋಗತೈತಿ. ತಿಳೀತೇನು?"

"ತಿಳೀತಪ್ಪಾ."

"ಏನ್ ತಿಳೀತು?"

"ಯಾರೂ ತಕರಾರು ಮಾಡಬಾರದು."

"ಅವರ ಬಾಯಿ ಮುಚ್ಚಸು ಅಂದಿಲ್ಲ ಮತ್ತ!"

ಅಪ್ಪನಿಗೆ ನನ್ನ ಪರಿಚಯ ಚೆನ್ನಾಗಿದೆ.

ಈಗ ಸ್ವಲ್ಪ ಪಾಠ. ತಿಳಿಯದವರು ತಿಳಿಯಲಿ ಅಂತ ಹೇಳುತ್ತೇನೆ, ತಿಳಿದವರು ನಾನು ಹೇಳುವ ಚಂದಕ್ಕೆ ಕೇಳಲಿ. ಇಂಟರ್ನೆಟ್ಟಿನಿಂದ ಹಾಡು ಎಳೆದುಕೊಳ್ಳುವುದು ಒಂದು ಡಬ್ಬಿ. ಆ ಹಾಡು ಬರೀ ಅಂಕಿಗಳ ರೂಪದಲ್ಲಿ ಇರುತ್ತದೆ. ಅಂಕಿಯನ್ನು ದನಿ ಮಾಡುವುದು ಎರಡನೆಯದು, ಅದಕ್ಕೆ ಡ್ಯಾಕ್ ಅನ್ನುತ್ತಾರೆ. ಆ ಬಡಕಲು ದನಿಗೆ ರೊಟ್ಟಿ ತಿನ್ನಿಸಿ ಪೈಲ್ವಾನ್ ಮಾಡುವುದು ಆಂಪ್ಲಿಫೈಯರ್. ಆಮೇಲೆ ಎರಡು ಸ್ಪೀಕರ್. ಕೊನೆಗೆ ಗುಂ ಗುಂ ಎನ್ನುವ ಕೆಳದನಿಗೆಂದೇ ಇರುವ ಸಬ್‌ವೂಫರ್, ಮೂಲಂಗಿ ಬುಟ್ಟಿಯಷ್ಟು ದೊಡ್ಡದು. ಎಲ್ಲರೂ ಇವನ್ನು ಒಂದೇ ಕಡೆ ಪೇರಿಸಿಡುತ್ತಾರೆ. ಎಲ್ಲರೂ ಮಾಡಿದ್ದನ್ನೇ ಮಾಡಲು ನಾನ್ಯಾಕೆ ಬೇಕು?

ಹಾಡು ಎಳೆಯುವ ಡಬ್ಬಿ ಮತ್ತು ಡ್ಯಾಕ್ ಅಪ್ಪನ ಖೋಲಿಗೆ ಹೋದವು, ಕಪಾಟಿನ ಹಿಂದಕ್ಕೆ. ಇಂಟರ್ನೆಟ್ಟಿನ ಡಬ್ಬಿ ಅಲ್ಲೇ ಇತ್ತು. ಅಪ್ಪ ಮನೆಯೆಲ್ಲ ಹುಡುಕುತ್ತಾನೆ, ತನ್ನ ಖೋಲಿ ಒಂದನ್ನು ಬಿಟ್ಟು. ಆಫೀಸಿನ ಕಾಗದಗಳು ಇರುತ್ತವೆಂದು ಹೋಗುವಾಗ ಬೀಗ ಹಾಕಿಕೊಂಡು ಬೇರೆ ಹೋಗುತ್ತಾನೆ. ಹಾಗಾಗಿ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ. ಹಾಡು ಹಚ್ಚುವುದು, ನಿಲ್ಲಿಸುವುದು ಅವ್ವನ ಫೋನಿನಿಂದ. ಡಬ್ಬಿಯಿಂದ ಡಬ್ಬಿಗೆ ಹೋಗುವ ತಂತಿಗಳು ಗೋಡೆಯ ಮೇಲಂಚು ಹಿಡಿದು ಕಾಣದಂತೆ ಹೋದವು. ಸ್ಪೀಕರ್ ಎರಡೂ ಪಡಸಾಲೆಯ ಅಟ್ಟದ ಮೇಲೆ, ಅವ್ವ ಸಾಲಾಗಿ ಜೋಡಿಸಿದ ತಾಮ್ರದ ಕೊಡಗಳ ಹಿಂದೆ. ಹಾಲಿನವನು ಒಮ್ಮೆ ಬಾಗಿಲಲ್ಲಿ ನಿಂತು, ಹಾಡುತ್ತಿದ್ದ ಕೊಡಗಳ ಕಡೆ ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದ. ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಆಂಪ್ಲಿಫೈಯರಿನದೇ ತೊಡಕು. ಅದು ಬಿಸಿಯಾಗುತ್ತದೆ. ಅಪ್ಪನ ಖೋಲಿಯಲ್ಲಿಟ್ಟರೆ ಸಿಕ್ಕಿಬೀಳುವುದು ಖಂಡಿತ. ಉಳಿದದ್ದು ನಡುಮನೆಗೆ ಹೊಂದಿಕೊಂಡ ಅಕ್ಕಿ ಖೋಲಿ. ಅದು ಅವ್ವನ ರಾಜ್ಯ.

"ಚೀಲ ಇಡಾಕ ಜಾಗಿಲ್ಲ, ನಿನ್ನ ಡಬ್ಬಿ ನನ್ನ ತಲಿ ಮ್ಯಾಲ ಇಟ್ಕೊಳ್ಳಲೇನು?" ಎಂದಳು ಅವ್ವ.

"ಎಬೇ, ಒಂದ್ ಸಲ ಕೈ ಇಟ್ಟ ನೋಡು."

ಅವ್ವ ಕೈ ಇಟ್ಟಳು. "ಏ ಯವ್ವಾ, ಜ್ವರ ಬಂದಂಗ ಸುಡಾಕತ್ತೈತಿ."

"ಚಳಿಗೆ ಮೊಸರು ಹೆಪ್ಪಾಗವಲ್ದು ಅಂತ ದಿನಾ ಒದರತಿ ಅಲ್ಲ? ಹೆಪ್ಪು ಹಾಕಿದ ಪಾತೇಲಿ ಇದರ ಮ್ಯಾಲ ಇಡು."

ಅವ್ವ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಮಗಳು ಹುಟ್ಟಿದ್ದಕ್ಕೆ ಅವತ್ತು ಮೊದಲ ಸಲ ಖುಷಿಪಟ್ಟಂತಿತ್ತು. ಮರುದಿನ ಪಾತೇಲಿ ಬೋರಲು ಹಾಕಿದರೂ ಬೀಳದಂಥ ಮೊಸರು. ಚಾಕುವಿನಿಂದ ಕೊಯ್ದು ಬಡಿಸಿದೆವು ಅಂದರೆ ನೀವು ನಂಬುವುದಿಲ್ಲ, ಅದಕ್ಕೆ ಹೇಳುವುದಿಲ್ಲ. ಅಂದಿನಿಂದ ಅವ್ವನ ದನಿಯೇ ಬದಲಾಯಿತು. ನಾನು ಪುಸ್ತಕ ಹಿಡಿದು ಕೂತರೆ ಸಾಕು, ಅಡುಗೆಮನೆಯಿಂದ ಕೂಗು: "ಏ, ಓದಿದ್ದು ಸಾಕು. ಒಂದೆರಡು ಹಾಡು ಹಚ್ಚು, ಹಾಲು ಇನ್ನೂ ಹಾಲs ಐತಿ!"

ಮೊಸರಿನ ವಾಸನೆಗೆ ಓಣಿಯ ಬೆಕ್ಕೊಂದು ಹೊಂಚು ಹಾಕತೊಡಗಿತು. ಅವ್ವ ಅಕ್ಕಿ ಖೋಲಿಯ ಮರದ ಬಾಗಿಲು ತೆರೆದೇ ಇಟ್ಟು, ಜಾಳಿಗೆ ಬಾಗಿಲಿಗೆ ಮಾತ್ರ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಳಿ ಆಡಬೇಕು, ಬೆಕ್ಕು ಆಡಬಾರದು.

ಇನ್ನು ಅಜ್ಜಿ. ಅಪ್ಪನ ಅವ್ವ, ಯಲಬುರ್ಗಾ ಕಡೆಯ ತಳಕಲ್ಲಿನ ಮಗಳು. ಎರೆಹೊಲದಲ್ಲಿ ಒಂದು ಜನ್ಮಕ್ಕಾಗುವಷ್ಟು ನಡೆದು, ಈಗ ಮೊಣಕಾಲು ಹಿಡಿದುಕೊಂಡು ಮಂಚದ ಮೇಲಿದ್ದಾಳೆ. ತಕರಾರಿನಲ್ಲಿ ಅವಳನ್ನು ಮೀರಿಸುವವರು ನಮ್ಮ ಮನೆತನದಲ್ಲಿ ಇಲ್ಲ. ಅನ್ನ ಬಿಸಿಯಾದರೆ ತಕರಾರು, ಆರಿದರೆ ತಕರಾರು, ಬಡಿಸುವುದು ತಡವಾದರೆ ಎರಡೂ. ಅವಳನ್ನು ಗೆಲ್ಲದೆ ಬೇರೆ ದಾರಿ ಇರಲಿಲ್ಲ. ಸಬ್‌ವೂಫರನ್ನು ಅವಳ ಮಂಚದ ಕೆಳಗೇ ತಳ್ಳಿ, ಡೊಳ್ಳಿನ ಪದ ಹಚ್ಚಿ, ಬಾಗಿಲ ಹಿಂದೆ ನಿಂತೆ.

"ಏ ಹುಡುಗೀ, ಮಂಚದ ಬುಡಕ ಯಾರ ಕುಂತಾರ?"

"ಯಾರೂ ಇಲ್ಲ ಅಜ್ಜಿ, ಹಾಡು."

"ಹಾಡು ಕಾಲು ಒತ್ತತೈತೇನ? ಮೊಣಕಾಲಿಗೆ ಕೈ ಹಾಕಿ ತಿಕ್ಕಿದಂಗ ಆಗಾಕತ್ತೈತಿ!"

ನಾನು ಮಂಚದ ಕೆಳಗೆ ಬಗ್ಗಿದೆ. "ತಗೀಲೇನು ಮತ್ತ?"

"ತಗೀತಾಳಂತ! ಸ್ವಲ್ಪ ಎಡಗಾಲಿನ ಕಡೆ ಸರಸು."

ಅಲ್ಲಿಗೆ ತಕರಾರಿನ ಮನೆ ಖಾಲಿ. ಒಂದೇ ಒಂದು ಕೊರತೆ ಉಳಿದಿತ್ತು. ದನಿ ಏರಿಸುವ, ಇಳಿಸುವ ರಿಮೋಟು ಆಂಪ್ಲಿಫೈಯರಿನದು. ಅದರಿಂದ ಹೊರಡುವ, ಕಣ್ಣಿಗೆ ಕಾಣದ ಬೆಳಕು ಗೋಡೆ ದಾಟುವುದಿಲ್ಲ. ನಾನು ಪಡಸಾಲೆಯಲ್ಲಿ ಕೂತು ಒತ್ತಿದರೆ ಅಕ್ಕಿ ಖೋಲಿಗೆ ಏನು ತಿಳಿಯಬೇಕು? ಸಾಲದ್ದಕ್ಕೆ ಜಾಳಿಗೆ ಬಾಗಿಲ ಹಿಂದೆಯೇ ನನ್ನೆತ್ತರಕ್ಕೆ ಅಕ್ಕಿ ಚೀಲಗಳ ಗೋಡೆ, ಅದರ ಹಿಂದೆ ಸ್ಟೂಲಿನ ಮೇಲೆ ಆಂಪ್ಲಿಫೈಯರ್. ಬೆಳಕು ಮೂಲೆ ತಿರುಗಬೇಕು, ಚೀಲ ಹತ್ತಿ ಇಳಿಯಬೇಕು.

ಇಲ್ಲಿ ನನ್ನ ಬುದ್ಧಿ ನೋಡಿ. ಮದುವೆಯೊಂದರಲ್ಲಿ ಆಯೇರಿ ಬಂದ ದೊಡ್ಡ ಸ್ಟೀಲ್ ತಾಟು ಇತ್ತು, ಕೊಟ್ಟವರ ಹೆಸರು ಕೊರೆದದ್ದು, ಮುಖ ನೋಡಿಕೊಂಡು ಬೊಟ್ಟು ಇಟ್ಟುಕೊಳ್ಳುವಷ್ಟು ಹೊಳಪು. ಕುರ್ಚಿ ಹತ್ತಿ ಅದನ್ನು ನಡುಮನೆಯ ಗೋಡೆಗೆ ಎತ್ತರದಲ್ಲಿ ನೇತುಹಾಕಿದೆ, ಮುಖ ಸ್ವಲ್ಪ ಕೆಳಕ್ಕೆ ಬಾಗಿಸಿ. ಪಡಸಾಲೆಯಿಂದ ತಾಟಿಗೆ ಗುರಿಯಿಟ್ಟು ಒತ್ತಿದೆ. ಬೆಳಕು ತಾಟಿಗೆ ಬಡಿದು, ತಿರುಗಿ, ಚೀಲಗಳ ನೆತ್ತಿ ಸವರಿ, ಆಂಪ್ಲಿಫೈಯರಿನ ಕಣ್ಣಿಗೆ ಬಿತ್ತು. ಕೊಡಗಳು ಹಾಡಿದವು. ಕೊಪ್ಪಳದಿಂದ ಬಸ್ ಹತ್ತಿ ನೋಡಲು ಬಂದ ಗೆಳತಿಯರ ಮುಂದೆ ನಾನು ಕಾಲ ಮೇಲೆ ಕಾಲು ಹಾಕಿ ಕೂತು, ರಿಮೋಟನ್ನು ದುಪಟ್ಟಾದೊಳಗೆ ಮುಚ್ಚಿ, "ಏರು" ಅಂದರೆ ಏರುತ್ತಿತ್ತು, "ಇಳಿ" ಅಂದರೆ ಇಳಿಯುತ್ತಿತ್ತು. ಅವರಲ್ಲೊಬ್ಬಳು ನನಗೆ ಪರೀಕ್ಷೆಯ ಪ್ರಶ್ನೆಗಳೂ ಗೊತ್ತಿರಬಹುದೇ ಎಂದು ಮೆಲ್ಲಗೆ ಕೇಳಿದಳು.

ಹೀಗೆ ಸುಖವಾಗಿ ಇರುವಾಗ ಒಂದು ಸಂಜೆ ಮಾಮಾ ಮತ್ತು ಅತ್ತಿ ಬಂದರು. ಸಿದ್ದಾಪುರದಲ್ಲಿ ಅತ್ತಿಯ ಬಳಗದವರು ಹೊಸ ಜೋಡಿಯನ್ನು ಊಟಕ್ಕೆ ಕರೆದಿದ್ದರಂತೆ. ಗೆಳೆಯನ ಗಾಡಿ ತೆಗೆದುಕೊಂಡು ಹೋಗಿ, ಕುಷ್ಟಗಿಗೆ ತಿರುಗಿ ಹೋಗುವ ದಾರಿಯಲ್ಲಿ ನಮ್ಮಲ್ಲಿ ಇಳಿದಿದ್ದರು. ಅಪ್ಪ ಇನ್ನೂ ಬಂದಿರಲಿಲ್ಲ.

ಜಾಣೆಯಾದವಳು ಆಗ ಸುಮ್ಮನಿರುತ್ತಿದ್ದಳು. ನಾನು ಹಾಡು ಹಚ್ಚಿದೆ.

ಅತ್ತಿ ಚಹಾದ ಕಪ್ಪು ಹಿಡಿದುಕೊಂಡೇ ಎದ್ದು ನಿಂತಳು. ಕೊಡಗಳನ್ನು ನೋಡಿದಳು, ಟೀವಿಯ ಹಿಂದೆ ನೋಡಿದಳು, ಮಾಮಾನ ಕಿಸೆ ಕೂಡ ನೋಡಿದಳು.

"ಎಲ್ಲಿಂದ ಬರಾಕತ್ತೈತ್ರಿ ಇದು?"

"ನಿಮ್ಮ ಮನೀದs ಅತ್ತಿ," ಎಂದೆ, ಕಾಲ ಮೇಲೆ ಕಾಲು ಹಾಕಿ.

"ಆ ನೀಲಿ ಕಣ್ಣಿಂದು? ಎಲ್ಲಿಟ್ಟೀಯವಾ, ಒಂದೂ ಕಾಣವಲ್ತಲ್ಲ!"

ಕೇಳಿದ್ದೇ ತಡ, ನಾನು ಮನೆಯೆಲ್ಲ ತೋರಿಸಿದೆ. ಕೊಡಗಳ ಹಿಂದೆ ಇಣುಕಿಸಿದೆ, ಜಾಳಿಗೆಗೆ ಮೂಗು ಹಚ್ಚಿಸಿ ಚೀಲಗಳ ಹಿಂದೆ ಆಂಪ್ಲಿಫೈಯರಿನ ಮೇಲೆ ಹೆಪ್ಪಾಗುವ ಮೊಸರಿನ ವಾಸನೆ ತೋರಿಸಿದೆ, ಅಜ್ಜಿಯ ಮಂಚದ ತುದಿಗೆ ಕೂಡಿಸಿ ಗುಂ ಗುಂ ಅನ್ನಿಸಿದೆ. ಅಜ್ಜಿ ಸಾಕ್ಷಿ ನುಡಿದಳು: "ಡಾಕ್ಟರ್ ಏನೂ ಅಲ್ಲ ಬಿಡವಾ ಇದರ ಮುಂದ." ತಾಟಿಗೆ ರಿಮೋಟು ಗುರಿಯಿಟ್ಟು ದನಿ ಏರಿಸಿ ಇಳಿಸಿದಾಗ ಅತ್ತಿ ಚಪ್ಪಾಳೆ ತಟ್ಟಿದಳು. ನಾನು ಆಕಾಶದಲ್ಲಿದ್ದೆ. ಅಲ್ಲಿಂದ ಬೀಳಲು ಬಹಳ ಹೊತ್ತು ಬೇಕಾಗಲಿಲ್ಲ.

"ಏನ್ರೀ," ಅತ್ತಿ ಮಾಮಾನ ಕಡೆ ತಿರುಗಿದಳು, "ನನಗ ಬ್ಯಾಡಾಗಿದ್ದು ಆ ಕಣ್ಣು, ಹಾಡಲ್ರಿ. ನಮ್ಮ ಮನ್ಯಾಗೂ ಹಿಂಗ ಒಂದೊಂದು ಒಂದೊಂದ ಕಡೆ ಇಡೂಣು. ಮೊಸರರ ಆಗಲಿ. ಗಾಡಿ ತಂದೀವಿ, ಇವತ್ತs ಒಯ್ಯೂಣಲ್ರಿ?"

ಮಾಮಾನ ಮುಖ ಹೇಗೆ ಅರಳಿತೆಂದರೆ, ಕಳೆದುಹೋದ ಎಮ್ಮೆ ಕರುವಿನ ಸಮೇತ ಸಿಕ್ಕವನಂತೆ. "ಅಕ್ಕಾ, ನೀ ಏನಂತಿ?"

ಅವ್ವ ಒಮ್ಮೆ ಅಕ್ಕಿ ಖೋಲಿಯ ಕಡೆ ನೋಡಿ, ಸೊಂಟದ ಕೀಲಿ ಮುಟ್ಟಿ ನೋಡಿಕೊಂಡಳು. ತವರಿನ ಸೊಸೆ ಬಾಯಿಬಿಟ್ಟು ಕೇಳಿದ್ದಾಳೆ, ಇಲ್ಲ ಅನ್ನುವುದು ಹೇಗೆ? "ನಿಮ್ಮದs ಐತಲ್ಲೋ. ಅವರನ್ನೊಂದ ಮಾತ ಕೇಳು."

ಮಾಮಾನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅವ್ವನ ಫೋನು ಹಿಡಿದು, ಹಾಡಿನ ನಡುವೆ ಕೇಳಿಸುವುದಿಲ್ಲವೆಂದು ಓಣಿಗೆ ಇಳಿದ. ನನ್ನ ಮೊಸರು, ಅಲ್ಲ, ನನ್ನ ಹಾಡು, ಈಗ ಅಪ್ಪನ ಒಂದು 'ಹೂಂ'ನಲ್ಲಿ ನೇತಾಡುತ್ತಿತ್ತು. ಅಪ್ಪ ಹೂಂ ಅನ್ನಲು ಕಾದುಕೊಂಡೇ ಇರುವವನು. ಅತ್ತಿಯ ಮನಸ್ಸೇ ತಿರುಗಬೇಕು, ಅದೂ ಅವನು ಮಾತಾಡಿ ಮುಗಿಸುವುದರೊಳಗೆ.

ಉಪಾಯ ಹೊಳೆಯಿತು. ದನಿ ಏರಿಸಿಬಿಡುವುದು. ತಲೆ ನೋಯುವಷ್ಟು ಏರಿಸುವುದು. ಈ ಪೀಡೆ ನಮಗೆ ಬೇಡವೇ ಬೇಡ ಅಂತ ಅತ್ತಿಯೇ ಅನ್ನಬೇಕು. ದುಪಟ್ಟಾದೊಳಗಿಂದ ತಾಟಿಗೆ ಗುರಿಯಿಟ್ಟು ಗುಂಡಿ ಒತ್ತಿ ಹಿಡಿದೆ. ಡೊಳ್ಳಿನ ಪದ ನಡೆದಿತ್ತು. ಒಂದು ಡೊಳ್ಳು ನಾಲ್ಕಾಯಿತು, ನಾಲ್ಕು ಹತ್ತಾಯಿತು, ಆಮೇಲೆ ಇಡೀ ಜಿಲ್ಲೆಯ ಡೊಳ್ಳುಗಳು ನಮ್ಮ ಪಡಸಾಲೆಗೆ ನುಗ್ಗಿದವು. ತಾಮ್ರದ ಕೊಡಗಳು ಒಂದಕ್ಕೊಂದು ತಿಕ್ಕಾಡಿ ಕಿಣಿಕಿಣಿ ಅಂದವು.

"ಏನ್ ಛಲೋ ಬರತೈತ್ರಿ!" ಅತ್ತಿ ಕೂಗಿದಳು.

"ಇನ್ನೊಂದಿಷ್ಟು ಜೋರ ಮಾಡವಾ!" ಒಳಗಿನಿಂದ ಅಜ್ಜಿ. "ಈಗ ಸೊಂಟಕ್ಕ ಮುಟ್ಟೇತಿ!"

ಅಷ್ಟರಲ್ಲಿ ಅವ್ವ ತನ್ನ ಕೆಲಸ ಶುರು ಮಾಡಿದ್ದಳು. ಹೊಸ ಮದುಮಗಳು ಮನೆಗೆ ಬಂದಿದ್ದಾಳೆ, ಉಡಿ ತುಂಬದೆ ಕಳಿಸುವುದುಂಟೆ? ಅಕ್ಕಿ ಖೋಲಿಯ ಬೀಗ ತೆಗೆದು ಉಡಿಯಕ್ಕಿ ತಂದಳು, ಬೆಕ್ಕಿನ ನೆನಪಾಗಿ ಬೀಗ ಮತ್ತೆ ಜಡಿದಳು. ಕೊಬ್ಬರಿ ಬಟ್ಟಲು, ಕುಪ್ಪಸದ ಕಣ, ಎಲೆ ಅಡಿಕೆ ಎಲ್ಲ ಕೂಡಿಸಿದಳು. ಆರತಿಗೊಂದು ಅಗಲವಾದ, ಹೊಳೆಯುವ ತಾಟು ಬೇಕಿತ್ತು. ಅವ್ವ ಎತ್ತರದ ಹೆಂಗಸು. ನಾನು ಕುರ್ಚಿ ಹತ್ತಿ ನೇತುಹಾಕಿದ್ದನ್ನು ನಿಂತಲ್ಲೇ ಕೈಚಾಚಿ ಇಳಿಸಿಕೊಂಡಳು.

ನಾನು ನೋಡಲಿಲ್ಲ. ಅತ್ತಿಯ ಮುಖದಲ್ಲಿ ತಲೆನೋವು ಹುಡುಕುತ್ತಿದ್ದೆ.

ಅತ್ತಿಯನ್ನು ಮಣೆಯ ಮೇಲೆ ಕೂಡಿಸಿ, ಅವ್ವ ಎರಡೂ ಬೊಗಸೆಯಲ್ಲಿ ಅಕ್ಕಿ ಹಿಡಿದು, ಹಾಡಿನ ಮೇಲೆ ದನಿ ಏರಿಸಿ ನನಗೆ ಹೇಳಿದಳು: "ಸಣ್ಣ ಮಾಡs, ಹಾಡು ಹೇಳಬೇಕು!"

ಇಳಿಸುವ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಬಾಗಿ, ಎದ್ದು, ಮಂಡಿಯೂರಿ ಒತ್ತಿದೆ. ಆಗ ಗೋಡೆ ನೋಡಿದೆ. ಮೊಳೆ ಮಾತ್ರ ಇತ್ತು. ತಾಟು ಅತ್ತಿಯ ಮಣೆಯ ಪಕ್ಕದಲ್ಲಿ ಕುಂಕುಮ, ಅರಿಶಿನ, ಉರಿಯುವ ದೀಪ ಹೊತ್ತು ಆರಾಮಾಗಿ ಕೂತಿತ್ತು.

"ಎಬೇ, ಕೀಲಿ! ಕೀಲಿ ಕೊಡು!"

"ಉಡಿ ತುಂಬಾಕತ್ತೀನಿ, ಕಣ್ಣ ಕಾಣವಲ್ಲವೇನ?"

ಬೊಗಸೆ ತುಂಬಿದ ಮೇಲೆ ನಡುವೆ ಬಿಡುವಂತಿಲ್ಲ. ಐದು ಸಲ ತುಂಬಬೇಕು. ಕೀಲಿ ಅವ್ವನ ಸೊಂಟದಲ್ಲಿ. ಫೋನು ಓಣಿಯಲ್ಲಿ ಮಾಮಾನ ಕಿವಿಯಲ್ಲಿ. ಅಪ್ಪನ ಖೋಲಿಗೆ ಬೀಗ. ಮೇನ್ ಸ್ವಿಚ್ಚಿನ ಕಡೆ ಹೆಜ್ಜೆ ಹಾಕಿದೆ, ಅವ್ವ ಕಣ್ಣಲ್ಲೇ ನನ್ನನ್ನು ಗೋಡೆಗೆ ಒತ್ತಿದಳು. "ಮುತ್ತೈದಿ ಮಣಿ ಮ್ಯಾಲ ಕುಂತಾಳ, ಮನಿ ಕತ್ತಲಿ ಮಾಡತೀ?" ಎಂದು, ಆ ಗದ್ದಲದಲ್ಲೇ, ಎರಡನೆಯ ಬೊಗಸೆ ಎತ್ತಿ ಉಡಿಯ ಹಾಡು ಶುರು ಮಾಡಿದಳು. ಡೊಳ್ಳು ಅವಳ ಮೇಲೆ, ಅವಳು ಡೊಳ್ಳಿನ ಮೇಲೆ. ಅತ್ತಿ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಆಗ ಅಕ್ಕಿ ಖೋಲಿಯಿಂದ ಹೊಸದೊಂದು ಸಪ್ಪಳ. ಟಕ ಟಕ ಟಕ. ಕಾಣದಿದ್ದರೂ ಗೊತ್ತಾಯಿತು, ಪಾತೇಲಿ ಆಂಪ್ಲಿಫೈಯರಿನ ಮೇಲೆ ಡೊಳ್ಳಿನ ತಾಳಕ್ಕೆ ಕುಣಿಯುತ್ತಾ ಅಂಚಿನ ಕಡೆಗೆ ಹೊರಟಿತ್ತು. ಜಾಳಿಗೆಯ ಹೊರಗೆ ಆ ಬೆಕ್ಕು, ಎಲ್ಲಿಂದ ಬಂತೋ, ಟಿಕೆಟ್ ತೆಗೆಸಿ ಕೂತವರ ಹಾಗೆ ಬಾಲ ಸುತ್ತಿಕೊಂಡು ಕೂತಿತ್ತು.

"ಮೊಸರs!" ಅವ್ವನ ಹಾಡು ಚೀರಾಟವಾಯಿತು. ಬೊಗಸೆ ಮಾತ್ರ ಬಿಡಲಿಲ್ಲ.

ನಾನು ಹಿಂದೆ ಮುಂದೆ ನೋಡಲಿಲ್ಲ. ಆರತಿಯ ತಾಟನ್ನು ದೀಪದ ಸಮೇತ ಎತ್ತಿಕೊಂಡು ನಡುಮನೆಗೆ ಓಡಿದೆ. ತಾಟಿನ ಅಡಿಯೂ ಹೊಳೆಯುತ್ತದಲ್ಲ. ಅಕ್ಕಿ ಖೋಲಿಯ ಎದುರು ತುದಿಗಾಲಲ್ಲಿ ನಿಂತು, ಒಂದು ಕೈಯಿಂದ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ಇನ್ನೊಂದು ಕೈಯ ರಿಮೋಟನ್ನು ಕೆಳಗಿನಿಂದ ಅದಕ್ಕೆ ಗುರಿಯಿಟ್ಟು, ಬೆಳಕು ಚೀಲ ದಾಟುವ ಕೋನ ಹುಡುಕುತ್ತಾ ತಾಟನ್ನು ಆಚೆ ಈಚೆ ತೂಗತೊಡಗಿದೆ. ಕುಂಕುಮ ತಲೆಯ ಮೇಲೆ ಸುರಿಯಿತು, ಅರಿಶಿನ ಮೂಗಿನ ಮೇಲೆ. ದೀಪ ಆರಲಿಲ್ಲ. ದನಿಯೂ ಇಳಿಯಲಿಲ್ಲ. ಅಜ್ಜಿ ಒಳಗಿನಿಂದ ತಾಳ ಹಾಕುತ್ತಿದ್ದಳು.

ಬಾಗಿಲಲ್ಲಿ ಅಪ್ಪ ನಿಂತಿದ್ದ.

ಓಣಿಯ ತಿರುವಿನಲ್ಲೇ ಅವನಿಗೆ ಫೋನು ಬಂದಿತ್ತಂತೆ. ಮಾಮಾನ ಮಾತು ಕೇಳಿಸಲಿಲ್ಲವಂತೆ, ಡೊಳ್ಳು ಮಾತ್ರ ಕೇಳಿಸಿತಂತೆ, ಮೊದಲು ಫೋನಿನಲ್ಲಿ, ಆಮೇಲೆ ಬರೀ ಕಿವಿಯಲ್ಲಿ. ಅವನ ಬೆನ್ನ ಹಿಂದೆ ಮಾಮಾ ಕುತ್ತಿಗೆ ಚಾಚಿ ನೋಡುತ್ತಿದ್ದ. ಅವರಿಬ್ಬರಿಗೂ ಕಂಡದ್ದು ಇಷ್ಟು: ಕೆಂಪು ಹಳದಿ ಮುಖದ ಮಗಳು, ಒಂದು ಬೆಕ್ಕಿನ ಪಕ್ಕದಲ್ಲಿ ನಿಂತು, ಅಕ್ಕಿ ಚೀಲಗಳಿಗೆ ಆರತಿ ಎತ್ತುತ್ತಿದ್ದಾಳೆ.

ಅಪ್ಪ ಚಪ್ಪಲಿ ಬಿಡಲಿಲ್ಲ. ಕೈಯಲ್ಲಿದ್ದ ಚೀಲ ಕೆಳಗಿಡಲಿಲ್ಲ. ಬಾಗಿಲ ಪಕ್ಕದ ಗೋಡೆಯ ಡಬ್ಬಿ ತೆರೆದು ಮೇನ್ ಸ್ವಿಚ್ ಕೆಳಗೆಳೆದ.

ಡೊಳ್ಳು ನಿಂತಿತು, ಪಾತೇಲಿಯ ಟಕ ಟಕವೂ ನಿಂತಿತು. ಫ್ಯಾನು ನಿಧಾನವಾಗಿ ನಿಂತಿತು. ಮನೆ ಕತ್ತಲಾಯಿತು, ನನ್ನ ತಲೆಯ ಮೇಲಿನ ದೀಪ ಒಂದನ್ನು ಬಿಟ್ಟು. ಅವ್ವನ ಬೊಗಸೆಯಿಂದ ಕೊನೆಯ ಅಕ್ಕಿ ಅತ್ತಿಯ ಉಡಿಗೆ ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು.

"ಯಾವಾಂವ ಅವ?" ಎಂದಳು ಅಜ್ಜಿ ಕತ್ತಲೊಳಗಿಂದ. "ಬಲಗಾಲು ಹಂಗs ಉಳೀತು!"

ಅಪ್ಪ ಮಾಮಾನ ಕಡೆ ತಿರುಗಿ, ಸಮಾಧಾನವಾಗಿ ಹೇಳಿದ:

"ತಮ್ಮಾ, ಗಾಡಿ ತಿರುಗಿಸಿ ಬಾಗಲಕ್ಕ ಹಚ್ಚು."